ಅಗಳಿ ಕೊಟ್ಟ ಊರು

ಬೇರೆ ಊರುಗಳಲ್ಲಿ ಊಟಕ್ಕೆ ಕೂತವನು ಸಾಕು ಅಂತಾನೆ, ಬಡಿಸುವವಳು ಸೌಟು ಹಿಂದಕ್ಕೆ ತಗೋತಾಳೆ. ನಮ್ಮೂರಲ್ಲಿ ಹಾಗಲ್ಲ. ನಗಾರಿ ಬಡಿದ ಮೇಲೆ ನಮ್ಮೂರಲ್ಲಿ ಸಾಕು ಅನ್ನೋಳು ಬಡಿಸುವವಳು, ಎಲೆ ಬಿಟ್ಟು ಏಳೋನು ಊರು ಕಾಯೋ ಪಾಲಕ. ಆ ಬಡಿಸುವವಳು ನಾನು. ಸೌಟು ನನ್ನ ಅತ್ತೆಯಿಂದ ನನಗೆ ಬಂತು, ಅವರಿಗೆ ಅವರತ್ತೆಯಿಂದ ಬಂದಿತ್ತು. ನನ್ನ ಬಾಯಿ ಸ್ವಲ್ಪ ಖಾರ ಅಂತ ಊರವರು ಅಂತಾರೆ. ಅನ್ನಲಿ ಬಿಡಿ. ಸಪ್ಪೆ ಬಾಯಿಯವರು ಆ ದಿನಗಳಲ್ಲಿ ಏನು ಮಾಡಿದರು ಅಂತ ನಾನೂ ನೋಡಿದ್ದೀನಿ.

ನಮ್ಮೂರಿಗೆ ಸುತ್ತಲೂ ಗೋಡೆ. ಗೋಡೆಯೊಳಗೆ ಮನೆ, ಮನೆಗೊಂದು ಬಾಗಿಲು, ಬಾಗಿಲಿಗೊಂದು ಅಗಳಿ. ಬಾಗಿಲ ಹಿಂದೆ ಅಡ್ಡ ಹಾಕೋ ಮರದ ದಪ್ಪ ಪಟ್ಟಿ, ಅದೇ ಅಗಳಿ. ನಮ್ಮೂರ ಅಗಳಿಗಳ ತುದಿಗೆ ಕಬ್ಬಿಣ ಬಡಿದಿರ್ತಾರೆ. ಈಟಿ ಇಲ್ಲ, ಕತ್ತಿ ಇಲ್ಲ. ಊರಿಗಿರೋ ಆಯುಧ ಇದೊಂದೇ.

ಗೋಡೆಯಾಚೆ ಧೂಳೆದ್ದರೆ ಪಾಲಕ ನಗಾರಿ ಬಡೀತಾನೆ. ನಗಾರಿ ಬಡಿದರೆ ಮನೆ ಮನೆಯೂ ಅಗಳಿ ಕೊಡಬೇಕು, ಅಗಳಿ ಹಿಡಿಯೋ ಗಂಡಸನ್ನೂ ಕೊಡಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ. ಕೇಳ್ತಾ ಕೂತರೆ ಅಷ್ಟರಲ್ಲಿ ಊರೇ ಹೋಗಿರುತ್ತೆ, ಅದೂ ನಿಜವೇ. ಅಗಳಿ ಹೋದ ಮೇಲೆ ಬಾಗಿಲು ನಿಲ್ಲಲ್ಲ. ಗಾಳಿ ಬರುತ್ತೆ, ನಾಯಿ ಬರುತ್ತೆ, ಪಾಲಕನ ಆಳು ಬರ್ತಾನೆ. ಯಾರ ಮನೆಗೆ ಬೇಕಾದರೂ ನುಗ್ಗಬಹುದು, ಏನು ಬೇಕಾದರೂ ಎತ್ತಬಹುದು, ಯಾರನ್ನು ಬೇಕಾದರೂ ಕರ್ಕೊಂಡು ಹೋಗಬಹುದು. ಅಷ್ಟನ್ನೂ ನಮ್ಮ ಹಿರಿಯರು ಅವನ ಕೈಗೆ ಕೊಟ್ಟರು.

ಒಂದನ್ನು ಮಾತ್ರ ಕೊಡಲಿಲ್ಲ. ಅವನ ಊಟ. ನಗಾರಿಯ ಕಾಲದಲ್ಲಿ ಪಾಲಕ ತನ್ನ ಮನೆಯಲ್ಲಿ ಉಣ್ಣಂಗಿಲ್ಲ. ಮಧ್ಯಾಹ್ನ ಚಾವಡಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಮುತ್ತುಗದ ಎಲೆಯ ಮುಂದೆ ಕೂರಬೇಕು. ಮನೆಮನೆಯಿಂದ ಬಂದ ಹಿಟ್ಟಿನ ಮುದ್ದೆ ಉಣ್ಣಬೇಕು. ಬಡಿಸುವವಳು ಸಾಕು ಅಂದರೆ ಅಲ್ಲಿಗೆ ಮುಗೀತು. ಬಾಯಲ್ಲಿರೋ ತುತ್ತು ನುಂಗಿ, ಎಲೆ ಮಡಚಿ, ಎದ್ದು ಕೈ ತೊಳೀಬೇಕು. ಅವನ ಕೈ ಒಣಗೋದರೊಳಗೆ ಅಗಳಿಗಳು ಮನೆ ಸೇರಬೇಕು. ಈ ಅಧಿಕಾರ ಸೌಟು ಹಿಡಿದವಳಿಗೆ ಯಾಕೆ ಅಂತ ಅತ್ತೇನ ಕೇಳಿದ್ದೆ. "ಪಾತ್ರೆ ತಳ ಕಾಣೋದು ನಿನಗೆ ಕಣೇ. ಕೂತು ಉಣ್ಣೋನಿಗೆ ಏನು ಕಾಣುತ್ತೆ?" ಅಂದಿದ್ದರು.

ಇದು ನಮ್ಮೂರ ಕಟ್ಟಳೆ. ಇನ್ನೊಂದಿದೆ, ಅದನ್ನೂ ಹೇಳಿಬಿಡ್ತೀನಿ. ಅಗಳಿ ಹಾಕದ ಬಾಗಿಲ ಹಿಂದೆ ನಮ್ಮಲ್ಲಿ ಹೆರಿಗೆ ಮಾಡಲ್ಲ. ಹೆರೋ ಹೆಂಗಸು ಇರೋ ಕಡೆ ಗಂಡಸು ಇರಂಗಿಲ್ಲ, ಗಂಡನೇ ಆಗಲಿ, ಪಾಲಕನೇ ಆಗಲಿ. ಈ ಮಾತು ಯಾಕೆ ಹೇಳಿದೆ ಅಂದರೆ, ಆ ಸಲ ನಗಾರಿ ಬಡಿದಾಗ ನನ್ನ ಸೊಸೆ ತುಂಬು ಬಸುರಿ.

ಧೂಳೆದ್ದಿದ್ದು ಸುಳ್ಳಲ್ಲ. ನಾನೇ ಗೋಡೆ ಹತ್ತಿ ನೋಡಿದೆ. ಕುದುರೆ, ಕುದುರೆ ಮೇಲೆ ಜನ, ಜನರ ಕೈಯಲ್ಲಿ ಬೆಂಕಿ. ನಗಾರಿ ಬಡೀತು. ಅಗಳಿ ಬಂದವು. ಬಾಗಿಲು ತೆರೆದುಕೊಂಡವು. ನನ್ನ ಮಗ ನಮ್ಮನೆ ಅಗಳಿ ಹೆಗಲಿಗೆ ಹಾಕ್ಕೊಂಡು ಹೊರಟಾಗ ಹೆಂಡತಿ ಕಡೆ ತಿರುಗಿ, "ನಿನ್ನ ದಿನ ತುಂಬೋದರೊಳಗೆ ಇದನ್ನ ವಾಪಸ್ ತಂದು ಹಾಕ್ತೀನಿ" ಅಂದ. ಅವಳು ನಕ್ಕಳು. ಆಗಿನ್ನೂ ನಗು ಬರ್ತಿತ್ತು.

ಗೋಡೆ ಮೇಲೆ ಸಾಲಾಗಿ ನಿಂತ ಅಗಳಿಗಳನ್ನು ನೋಡಿ ಬಂದವರು ಬಂದ ದಾರಿ ಹಿಡಿದರು. ಪಾಲಕ ಒಳ್ಳೆ ಕೆಲಸವನ್ನೇ ಮಾಡಿದ. ಅವನ ಎದೆಗಾರಿಕೆ ಇಲ್ಲದಿದ್ದರೆ ಅವತ್ತು ನಾವೆಲ್ಲ ಬೂದಿ, ಅದನ್ನ ನಾನು ಇಲ್ಲ ಅನ್ನಲ್ಲ. ಕುದುರೆಗಳು ಹೋದವು, ಧೂಳು ಕೂತಿತು. ಮಧ್ಯಾಹ್ನ ಅವನಿಗೆ ಮುದ್ದೆ ಇಟ್ಟೆ, ಅವರೆಕಾಳಿನ ಸಾರು ಬಿಟ್ಟೆ, ತುಪ್ಪವನ್ನೂ ಹಾಕಿದೆ. ಉಂಡ. ಎರಡನೇ ಮುದ್ದೆಗೆ ಕೈ ಚಾಚಿದ. ನಾನು ಸೌಟು ಪಾತ್ರೆಯೊಳಗಿಟ್ಟು ಜೋರಾಗಿ, ಊರಿಗೆಲ್ಲ ಕೇಳೋ ಹಾಗೆ ಅಂದೆ: "ಸಾಕು."

ಪಾಲಕ ತಲೆ ಎತ್ತಿ ನನ್ನ ನೋಡಿದ. ಆಮೇಲೆ ಮುಖದ ತುಂಬ ನಕ್ಕ.

"ಸಾಕು ಅಂತೀಯಾ ಅಜ್ಜೀ? ಆಗಲಿ. ಸಾಕ್ತೀನಿ."

ನನಗೆ ತಕ್ಷಣ ತಿಳೀಲಿಲ್ಲ. "ಸಾಕು ಅಂದರೆ ಮುಗೀತು, ಬುದ್ಧಿ."

"ಅದು ಒಂದರ್ಥ. ತಾಯಿ ಮಗೂನ ಸಾಕ್ತಾಳೆ, ರೈತ ದನ ಸಾಕ್ತಾನೆ. ಊರನ್ನ ಸಾಕು ಅಂತ ಊರೇ ನನಗೆ ಹೇಳಿದ ಮೇಲೆ ಬಿಟ್ಟು ಎದ್ದು ಹೋಗ್ಲಾ? ನನ್ನನ್ನ ಪಾಲಕ ಅಂತ ಮತ್ಯಾಕೆ ಕರೀತೀರಿ?"

ಅವನ ಎಡಕ್ಕೆ ಅರ್ಥಗಾರ ಕೂತಿದ್ದ. ಹಳೇ ಕಟ್ಟಳೆಗಳಿಗೆ ಅರ್ಥ ಹೇಳೋದು ಅವನ ಕೆಲಸ. ಪಾಲಕ ಅವನ ಕಡೆ ನೋಡಿದ. ಅರ್ಥಗಾರ ಕೆಮ್ಮಿ, ಶಲ್ಯ ಸರಿಮಾಡ್ಕೊಂಡು, "ಎರಡೂ ಅರ್ಥ ಉಂಟು. ಇಂಥದ್ದೇ ಅಂತ ಕಟ್ಟಳೆಯಲ್ಲಿ ಬಿಡಿಸಿ ಹೇಳಿಲ್ಲ" ಅಂದ.

ನಾನು ಬಿಡ್ತೀನಾ? "ಅಲ್ಲ ಬುದ್ಧಿ, ನಿಮಗೆ ನಾನು ಏಕವಚನ ಹಾಕ್ತೀನಾ? ಸಾಕೋ ಮಾತಾಗಿದ್ದರೆ ಸಾಕಿ ಅಂತಿದ್ದೆ, ಸಾಕಿ ಬುದ್ಧಿ ಅಂತಿದ್ದೆ."

"ಅಯ್ಯೋ, ಬಹುವಚನ ಎಲ್ಲ ಯಾಕೆ ಅಜ್ಜೀ? ನಾನು ನಿಮ್ಮನೆ ಮಗನ ಹಾಗೆ. ಮಗನಿಗೆ ಹೇಳೋ ಹಾಗೇ ಹೇಳು" ಅಂದ. ಊರವರಲ್ಲಿ ಒಂದಿಬ್ಬರು ಅಯ್ಯೋ ಪಾಪ, ಎಷ್ಟು ಒಳ್ಳೇವನು ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತು ಅವನು ನನ್ನ ಮಾತಿಗೆ ಏಳಲಿಲ್ಲ, ತನಗೆ ಬೇಕಾದಷ್ಟು ಉಂಡೇ ಎದ್ದ, ಅಗಳಿಗಳು ಮನೆಗೆ ಬರಲಿಲ್ಲ. ಆಮೇಲೆ ದಿನಾ ಧೂಳು. ಗೋಡೆ ಮೇಲಿನ ಆಳು ಧೂಳು ಅಂತ ಕೂಗ್ತಿದ್ದ, ನಾವು ಹತ್ತಿ ನೋಡಿದರೆ ಕುರಿ ಮಂದೆ. ಧೂಳು ಅಂತಿದ್ದ, ಹತ್ತಿ ನೋಡಿದರೆ ಬರೀ ಸುಳಿಗಾಳಿ. ಕೊನೆಗೆ ನಾವು ಗೋಡೆ ಹತ್ತೋದನ್ನೇ ಬೇಡ ಅಂದರು ಪಾಲಕನ ಕಡೆಯವರು. ಧೂಳು ಅಂದರೆ ಧೂಳು, ಅಷ್ಟೇ.

ಆಳುಗಳು ಮನೆಮನೆಗೆ ಬಂದರು. ಬಂದವರು ಅಡುಗೆಮನೆಯಲ್ಲಿ ಕೂತರು. ಮಂಚ ಹೋಯಿತು, ಕಂಬಳಿ ಹೋಯಿತು, ಹಾಲು ಕರೆಯೋ ಹಸು ಹೋಯಿತು. ಬೀದಿಯಲ್ಲಿ ಯಾರೂ ನಿಂತು ಮಾತಾಡಲ್ಲ. ಕೂತರೆ ಏಳಬೇಕು ಅನಿಸೋದು, ಎದ್ದರೆ ಕೂರಬೇಕು ಅನಿಸೋದು. ಬಾಗಿಲು ಗಾಳಿಗೆ ಬಡ್ಕೊಂಡಾಗೆಲ್ಲ ನನ್ನ ಸೊಸೆ ಹೊಟ್ಟೆ ಮೇಲೆ ಕೈಯಿಟ್ಕೊಂಡು ತಿರುಗಿ ನೋಡೋಳು. ಬಾಗಿಲಿಗೆ ರುಬ್ಬೋ ಕಲ್ಲು ಅಡ್ಡ ಇಟ್ಟೆವು. ಆಳು ಬಂದು, ನಗಾರಿಯ ಕಾಲದಲ್ಲಿ ಬಾಗಿಲು ಮುಚ್ಚಂಗಿಲ್ಲ ಅಂತ ಆ ಕಲ್ಲನ್ನೂ ಹೊರಗೆ ಉರುಳಿಸಿ ಹೋದ.

ಒಂದು ಬೆಳಿಗ್ಗೆ ಕುಂಬಾರ ಚಾವಡಿ ಮುಂದೆ ನಿಂತು ಕೇಳಿದ. ಬಯ್ಯಲಿಲ್ಲ, ಕೂಗಲಿಲ್ಲ. "ನನ್ನ ಅಗಳಿ ಯಾವಾಗ ಕೊಡ್ತೀರಿ ಬುದ್ಧಿ?" ಅಂದ, ಅಷ್ಟೇ. ಅವನನ್ನು ಹಿಡಿದು ಊರ ಕಣಜದೊಳಗೆ ತಳ್ಳಿ, ಅವನ ಅಗಳಿಯಿಂದಲೇ ಅವನ ಮೇಲೆ ಬಾಗಿಲು ಹಾಕಿದರು. ಹಾಕಿದವನು ನನ್ನ ಮಗ.

ಸೌಟು ಹಿಡಿದು ಹೋಗೋವಾಗ ಮಗನ್ನ ನಿಲ್ಲಿಸಿ ಕೇಳಿದೆ. "ಏನೋ ಇದು? ನೀನು ಆಡ್ಕೊಂಡಿದ್ದು ಅವನು ಮಾಡಿಕೊಟ್ಟ ಮಣ್ಣಿನ ಎತ್ತಿನ ಜೊತೆ ಅಲ್ವೇನೋ?"

ಅವನು ನನ್ನ ಮುಖ ನೋಡಲಿಲ್ಲ. "ಅಗಳಿ ಹಿಡಿದ ಮೇಲೆ ಹೇಳಿದ ಹಾಗೆ ಕೇಳಬೇಕು ಅವ್ವ. ನಾನು ಒಲ್ಲೆ ಅಂದರೆ ನನ್ನನ್ನೂ ಒಳಗೆ ಹಾಕ್ತಾರೆ. ಆಮೇಲೆ ಇವಳ ಹೆರಿಗೆಗೆ ಅಗಳಿ ತರೋನು ಯಾರು?" ಅಂದ. ನಾನು ಸೌಟು ಹಿಡ್ಕೊಂಡು ಚಾವಡಿಗೆ ನಡೆದೆ.

ನಾನು ದಿನಾ ಸಾಕು ಅಂದೆ. ದಿನಾ ಅವನು "ಸಾಕ್ತಾ ಇದ್ದೀನಲ್ಲ" ಅಂದ. ಸಾಲದ್ದಕ್ಕೆ ನಾನು ಅಂದಿದ್ದನ್ನೇ ಹಿಡ್ಕೊಂಡು, ಅಜ್ಜಿ ಇವತ್ತೂ ಸಾಕು ಅಂದಿದ್ದಾಳೆ, ಇನ್ನಷ್ಟು ಆಳು ಬೇಕು ಅಂತ ಇನ್ನಷ್ಟು ಗಂಡಸರನ್ನು ಕರ್ಕೊಂಡ. ಒಂದು ದಿನ ಹಲ್ಲು ಕಚ್ಚಿ ಸುಮ್ಮನಿದ್ದೆ. "ನೋಡಿದಿರಾ, ಇವತ್ತು ನಿಲ್ಲಿಸು ಅಂತ ಯಾರೂ ಅನ್ನಲಿಲ್ಲ" ಅಂದ. ಬಾಯಿ ಬಿಟ್ಟರೂ ಅವನದೇ, ಮುಚ್ಚಿದರೂ ಅವನದೇ. ಬಡಿಸದೇ ಮನೆಯಲ್ಲಿ ಕೂರೋಣ ಅಂದರೆ, ಎಲೆ ಇಲ್ಲದ ಮೇಲೆ ಎಲೆಯಿಂದ ಏಳು ಅನ್ನೋಕೆ ಜಾಗವೇ ಇರಲ್ಲ.

ಬಾವಿ ಹತ್ತಿರ ಹೆಂಗಸರು ಸೇರಿದೆವು. ಮಾತು ಬದಲಾಯಿಸೋಣ ಅಂದಳು ಒಬ್ಬಳು. "ನಿಲ್ಲು ಅನ್ನು ಅಜ್ಜೀ."

"ನಿಲ್ಲು ಅಂದರೆ ಗಟ್ಟಿಯಾಗಿ ನಿಂತೇ ಬಿಡ್ತಾನೆ" ಅಂದೆ.

"ಮುಗೀತು ಅನ್ನು."

"ಊರೆಲ್ಲ ನನಗೆ ಕೈ ಮುಗೀತು ಅಂತಾನೆ."

"ಏಳು ಅಂದುಬಿಡು ಮತ್ತೆ."

"ಏಳು ಮುದ್ದೆ ಇಡ್ತೀಯಾ ಅಂತ ಕೇಳ್ತಾನೆ, ಆ ಅರ್ಥಗಾರ ಹೌದು ಅಂತಾನೆ."

ಹೆಂಗಸರು ನಕ್ಕರು, ನಕ್ಕು ತಕ್ಷಣ ಹಿಂದೆ ತಿರುಗಿ ನೋಡಿದರು, ಯಾವನಾದರೂ ಆಳು ಇದ್ದಾನಾ ಅಂತ. ನಗೋಕೂ ಹೆದರೋ ಹಾಗಾಯಿತಲ್ಲ ನಮ್ಮ ಗತಿ ಅಂತ ನನಗೆ ಅಳು ಬಂತು. ಆಗ ಸೊಸೆ ಬಾವಿ ಕಟ್ಟೆಗೆ ಒರಗಿಕೊಂಡು ನಿಧಾನಕ್ಕೆ ಅಂದಳು: "ಅತ್ತೆ, ಮಾತು ಯಾಕೆ ಬದಲಾಯಿಸಬೇಕು? ಅವರ ಅರ್ಥವೇ ಇರಲಿ ಬಿಡಿ. ಸಾಕ್ತೀನಿ ಅಂದಿದ್ದಾರಲ್ಲ, ಸಾಕಲಿ."

ಸಂಜೆಯೊಳಗೆ ಅವಳ ಮಾತು ಹೆಂಗಸರ ಬಾಯಿಂದ ಬಾಯಿಗೆ ಮನೆಮನೆ ಮುಟ್ಟಿತು.

ಮಾರನೇ ದಿನ ಮಧ್ಯಾಹ್ನ ಪಾಲಕ ಎಲೆ ಮುಂದೆ ಕೂತ. ಅರ್ಥಗಾರ ಪಕ್ಕದಲ್ಲಿ ಕೂತ. ಆಳುಗಳು ಅಗಳಿ ಹಿಡಿದು ಗೋಡೆಗುಂಟ ನಿಂತರು, ಬಾಗಿಲ ಹತ್ತಿರ ನನ್ನ ಮಗ ನಿಂತ. ನಾನು ಮುದ್ದೆ ಇಟ್ಟೆ. ಸಾರು ಬಿಟ್ಟೆ. ಮೊದಲ ತುತ್ತು ಅವನ ಬಾಯಿಗೆ ಹೋಗೋದರೊಳಗೆ ಕುಂಬಾರನ ಹೆಂಡತಿ ಒಳಗೆ ಬಂದಳು. ಕಂಕುಳಲ್ಲಿದ್ದ ಮಗೂನ ಅವನ ಎಲೆ ಪಕ್ಕ ಕೂರಿಸಿದಳು.

"ಸಾಕು" ಅಂದಳು.

ಅವಳ ಹಿಂದೆ ಇನ್ನೊಬ್ಬಳು ಬಂದಳು. ಹಲ್ಲಿಲ್ಲದ ಮಾವನ್ನ ಕೈ ಹಿಡಿದು ನಡೆಸಿಕೊಂಡು ಬಂದು ಪಾಲಕನ ಎದುರಿಗೆ ಕೂರಿಸಿದಳು. "ಸಾಕು." ಇನ್ನೊಬ್ಬಳು ತಾಯಿ ಇಲ್ಲದ ಕರು ತಂದಳು. "ಸಾಕು." ಇನ್ನೊಬ್ಬಳು ಕುಕ್ಕೆ ತುಂಬ ಕೋಳಿಮರಿ. "ಸಾಕು." ಒಬ್ಬಳು ಅವಳಿ ಮಕ್ಕಳು ತಂದು ಒಂದನ್ನು ಈ ತೊಡೆ ಮೇಲೆ, ಒಂದನ್ನು ಆ ತೊಡೆ ಮೇಲೆ ಹಾಕಿದಳು. "ಸಾಕು, ಸಾಕು." ಬಂದರು, ಇಟ್ಟರು, ಸಾಕು ಅಂದರು. ಬಂದರು, ಇಟ್ಟರು, ಸಾಕು ಅಂದರು. ಮಕ್ಕಳು ಅತ್ತವು, ಕೋಳಿಮರಿ ಕುಕ್ಕೆಯಿಂದ ಈಚೆ ಬಂದವು, ಮುದುಕ ನನಗೂ ಮುದ್ದೆ ಇಡಿ ಅಂದ, ಕರು ಪಾಲಕನ ಎಲೆಯ ಅಂಚು ಜಗಿಯೋಕೆ ಶುರು ಮಾಡಿತು.

"ಏನಿದು? ಏನಿದು ಅಜ್ಜೀ?" ಅಂದ ಪಾಲಕ.

"ನೀನೇ ಹೇಳಿದೆಯಲ್ಲಪ್ಪ" ಅಂದೆ. ಹೌದು, ಏಕವಚನವೇ. ನಮ್ಮನೆ ಮಗ ತಾನೇ? "ಊರು ಸಾಕು ಅಂದಿದೆ ಅಂತ. ಊರು ಅಂದರೆ ಇವರೇ. ನಮ್ಮ ಗಂಡಸರು ನಿನ್ನ ಹತ್ತಿರ, ಹಸು ನಿನ್ನ ಹತ್ತಿರ, ಹಿಟ್ಟೂ ನಿನ್ನ ಹತ್ತಿರ. ನಾವು ಹ್ಯಾಗೆ ಸಾಕೋದು? ನೀನು ಸಾಕು."

ಪಾಲಕ ಅರ್ಥಗಾರನ ಕಡೆ ತಿರುಗಿದ. ಅರ್ಥಗಾರನ ಶಲ್ಯದ ಮೇಲೆ ಕೋಳಿಮರಿ ಕೂತಿತ್ತು. "ಹಿಂದೆ ಹೇಳಿದ ಅರ್ಥವೇ ಆದರೆ... ಇವರು ಹೇಳೋದು ತಪ್ಪಾಗಲ್ಲ" ಅಂತ ತೊದಲಿದ.

ಅಷ್ಟರಲ್ಲಿ ನನ್ನ ಸೊಸೆ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಅವಳ ಕೆಳತುಟಿ ಹಲ್ಲಿನಡಿ ಸಿಕ್ಕಿತ್ತು, ಹಣೆ ಬೆವೆತಿತ್ತು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಾವು ಬಾವಿ ಹತ್ತಿರ ಮಾತಾಡಿಕೊಂಡಿದ್ದು ಇದಲ್ಲ. ಅವಳಿಗೆ ನಿಜವಾಗಿ ನೋವು ಶುರುವಾಗಿತ್ತು.

ಅವಳು ಪಾಲಕನ ಎಲೆ ಎದುರಿಗೆ ಕಂಬ ಹಿಡಿದು ಕೂತಳು. "ನಮ್ಮನೆ ಬಾಗಿಲಿಗೆ ಅಗಳಿ ಇಲ್ಲ" ಅಂದಳು. "ಊರ ಅಗಳಿ ಎಲ್ಲ ಇಲ್ಲಿವೆ. ಇಲ್ಲೇ ಹೆರ್ತೀನಿ. ಹೆತ್ತದ್ದನ್ನ ನೀವೇ ಸಾಕಿ." ಆಮೇಲೆ ನೋವು ತಡೀಲಾರದೆ ಅವ್ವಾ ಅಂತ ಕೂಗಿದಳು. ಚಾವಡಿ ಗುಂಯ್ ಅಂತು.

ಪಾಲಕ ಬಾಗಿಲ ಕಡೆ ಕೈ ತೋರಿಸಿ ನನ್ನ ಮಗನಿಗೆ ಹೇಳಿದ: "ಏಯ್, ಇವಳನ್ನ ಹೊರಗೆ ಹಾಕು. ಎಲ್ಲರನ್ನೂ ಹೊರಗೆ ಹಾಕು. ಅಗಳಿ ಎತ್ತು!"

ಮಗ ಅಗಳಿ ಎತ್ತಿದ. ಇವನನ್ನೂ ಕಳ್ಕೊಂಡೆ ಅಂದುಕೊಂಡೆ. ನಮ್ಮನೆ ಅಗಳಿಯ ನಡುಭಾಗ ನುಣುಪಾಗಿದೆ, ಎಷ್ಟೋ ತಲೆಮಾರಿನ ಕೈ ತಾಗಿ. ಅವನ ಹೆಬ್ಬೆರಳು ಅಲ್ಲಿ ಓಡಾಡ್ತಿತ್ತು. ಹೆಂಡತಿಯನ್ನ ನೋಡಿದ. ಚಾವಡಿ ಬಾಗಿಲನ್ನ ನೋಡಿದ. ಆಮೇಲೆ ಅಗಳಿಯನ್ನ ಆ ಬಾಗಿಲಿಗೆ ಅಡ್ಡ ಹಿಡಿದು ಅಳೆದ. ಸರಿಹೋಯಿತು.

"ಗಂಡಸರೆಲ್ಲ ಹೊರಗೆ ನಡೀರಿ" ಅಂದ. "ಬಾಗಿಲು ಹಾಕಬೇಕು."

ಯಾರೂ ಅಲ್ಲಾಡಲಿಲ್ಲ. ಸೊಸೆ ಇನ್ನೊಂದು ಸಲ ಕೂಗಿದಳು. ಆಗ ಒಬ್ಬ ಆಳು ತಲೆ ತಗ್ಗಿಸಿ ಹೊರಟ. ಅವನ ಹಿಂದೆ ಇನ್ನೊಬ್ಬ. ಹೆರೋ ಹೆಂಗಸಿರೋ ಕಡೆ ಗಂಡಸು ಇರಂಗಿಲ್ಲ. ಈ ಕಟ್ಟಳೆಗೆ ಯಾರೂ ಎರಡನೇ ಅರ್ಥ ಹುಡುಕಿರಲಿಲ್ಲ. ಆಳುಗಳು ಹೋದರು, ಹಲ್ಲಿಲ್ಲದ ಮುದುಕನನ್ನೂ ಹಿಡ್ಕೊಂಡು ಹೋದರು, ಅರ್ಥಗಾರ ಎಲ್ಲರಿಗಿಂತ ಮುಂದೆ ಹೋದ. ಮಗ ಹೊಸ್ತಿಲ ಮೇಲೆ ನಿಂತು ಅಗಳಿಯನ್ನ ನನ್ನ ಕಡೆ ಚಾಚಿದ.

"ತಗೋ ಅವ್ವ" ಅಂದ.

ಆ ಕಾಲದಲ್ಲಿ ಮನೆಯವರ ಕೈಗೆ ವಾಪಸ್ ಬಂದ ಮೊದಲ ಅಗಳಿ ಅದು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಅಗಳಿ ಹಿಡಿದು ತಿರುಗಿದೆ. ಎಲೆ ಮುಂದೆ ಪಾಲಕ ಒಬ್ಬನೇ ಉಳಿದಿದ್ದ. ತೊಡೆ ಮೇಲೆ ಅವಳಿ ಮಕ್ಕಳು ಅಳ್ತಿದ್ದವು. ಅರ್ಧ ಎಲೆ ಕರುವಿನ ಬಾಯಲ್ಲಿತ್ತು.

"ಸಾಕು!" ಅಂತ ಕಿರುಚಿದ. "ಸಾಕು ಕಣ್ರಮ್ಮಾ, ಸಾಕು!"

ನಾನು ಅವನ ಎಲೆ ಹತ್ತಿರ ಹೋಗಿ ನಿಂತೆ.

"ಯಾವ ಸಾಕಪ್ಪ?" ಅಂತ ಕೇಳಿದೆ.

ಅವನು ಎಡಕ್ಕೆ ತಿರುಗಿದ. ಅಲ್ಲಿ ಅರ್ಥ ಹೇಳೋನು ಇರಲಿಲ್ಲ, ಒಂದು ಕೋಳಿಮರಿ ಇತ್ತು. ಬಾಗಿಲಾಚೆ ಇಡೀ ಊರು ಕಿವಿಗೊಟ್ಟು ನಿಂತಿತ್ತು. ಅವನು ಸಣ್ಣ ದನಿಯಲ್ಲಿ ಅಂದ:

"ನಿಮ್ಮ ಸಾಕು."

"ಹೊರಗಿನವರಿಗೆ ಕೇಳಲಿಲ್ಲ."

"ನಿಮ್ಮ ಸಾಕು!"

"ಹಾಗಾದರೆ ಏಳು."

ಒಂದೊಂದೇ ಮಗೂನ ತೊಡೆಯಿಂದ ಇಳಿಸಿದ. ಕರು ಬಿಟ್ಟಷ್ಟು ಎಲೆಯನ್ನು ಮಡಚಿದ. ಎದ್ದ. ನಾನು ಚೊಂಬು ತಂದು ಹೊಸ್ತಿಲ ಹತ್ತಿರ ಅವನ ಕೈಗೆ ನೀರು ಹಾಕಿದೆ. "ಚೆನ್ನಾಗಿ ತೊಳ್ಕೊಳ್ಳಿ, ಬುದ್ಧಿ" ಅಂದೆ. ಎಲೆ ಬಿಟ್ಟು ಎದ್ದವನಿಗೆ ಕೊಡೋ ಮರ್ಯಾದೆ ಕೊಡಲೇಬೇಕಲ್ಲ. ಅವನು ಹೊರಗೆ ಕಾಲಿಟ್ಟ, ನಾನು ಅಗಳಿ ಹಾಕಿದೆ.

ಹುಟ್ಟಿದ್ದು ಹೆಣ್ಣು. ಅವಳ ಮೊದಲ ಅಳುವಿಗಿಂತ ಮುಂಚೆ ಕೇಳಿದ್ದು ಹೊರಗೆ ಅಗಳಿಗಳು ಹೆಗಲು ಬಿಟ್ಟು ಇಳಿಯೋ ಸದ್ದು, ಮನೆಮನೆಯ ಬಾಗಿಲು ಮುಚ್ಚೋ ಸದ್ದು. ಕುಂಬಾರನಿದ್ದ ಕಣಜ ತೆರೆದವನೂ ನನ್ನ ಮಗನೇ. ಕುಂಬಾರ ಅವನ ಜೊತೆ ಮಾತಾಡಲಿಲ್ಲ. ತನ್ನ ಅಗಳಿ ತಗೊಂಡು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ. ಇನ್ನೂ ಮಾತಾಡಿಲ್ಲ. ಮಗ ದಿನಾ ಅವನ ಮನೆ ಮುಂದೆ ಒಂದು ಗಳಿಗೆ ನಿಂತು ಬರ್ತಾನೆ.

ಪಾಲಕ ಈಗಲೂ ಪಾಲಕನೇ. ನಗಾರಿ ಈಗಲೂ ಗೋಡೆ ಮೇಲೇ ಇದೆ. ಇರಬೇಕು, ನಾಳೆ ಆ ಕುದುರೆಗಳು ಮತ್ತೆ ಬಂದರೆ ನಾನೇ ಓಡಿ ಹೋಗಿ ಬಡೀರಿ ಬುದ್ಧಿ ಅಂತೀನಿ. ಇನ್ನಾದರೂ ಗಟ್ಟಿ ಮಾತೊಂದನ್ನ ಇಡೋಣ, ಎರಡರ್ಥ ಇಲ್ಲದ್ದು ಅಂತ ಊರವರು ಈಗಲೂ ಚಾವಡಿಯಲ್ಲಿ ಕೂತು ಹುಡುಕ್ತಾರೆ. ಹುಡುಕಲಿ. ಅರ್ಥಗಾರನೂ ಅವರ ಜೊತೆ ಕೂತು ಹುಡುಕ್ತಾನೆ, ನಾಚಿಕೆ ಇಲ್ಲದವನು.

ನಾನು ಮೊಮ್ಮಗಳ ಹತ್ತಿರ ಕೂರ್ತೀನಿ. ಅವಳಿಗೆ ಇನ್ನೂ ಮಾತು ಬಂದಿಲ್ಲ. ಹಾಲು ಕುಡೀತಾಳೆ, ಕುಡೀತಾಳೆ, ಹೊಟ್ಟೆ ತುಂಬಿದ ತಕ್ಷಣ ತಾನಾಗಿ ಮುಖ ಆಚೆ ತಿರುಗಿಸ್ತಾಳೆ. ಅವಳ ಅವ್ವ ಸೆರಗು ಸರಿಮಾಡ್ಕೋತಾಳೆ. ಯಾರೂ ಅರ್ಥ ಕೇಳಲ್ಲ. ಅಷ್ಟರಲ್ಲಿ ಗೋಡೆ ಕಡೆಯಿಂದ ಯಾರೋ ಧೂಳು ಅಂದ ಹಾಗಾಗುತ್ತೆ. ನಾನು ಎದ್ದು ಹೋಗಿ ಅಗಳಿ ಮುಟ್ಟಿ ನೋಡ್ತೀನಿ, ಅಡುಗೆಮನೆಗೆ ಹೋಗಿ ಸೌಟು ಇದೆಯಾ ಅಂತ ನೋಡ್ತೀನಿ, ಬಂದು ಮತ್ತೆ ಕೂರ್ತೀನಿ.